ಗುಳ್ಳೆಯೊಳಗೆ ತಡೆದ ಮಾತು

ವಾಡಿ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಕಪಿಲನಿಗೆ ಆ ಬೆಳಿಗ್ಗೆ ಸಮಾಧಾನ ಕೊಟ್ಟದ್ದು ಒಂದೇ ಸಂಗತಿ: ಹೋಗಬೇಕಾದ ಊರಿನ ಹೆಸರು ‘ಶ’ದಿಂದ ಶುರುವಾಗುತ್ತಿತ್ತು. ‘ಶಹಾಬಾದ ಒಂದು’ ಎಂದ. ಸಲೀಸಾಗಿ ಬಂತು. ‘ಬ’ ನಡುವೆಲ್ಲೋ ಇದ್ದರೆ ತೊಂದರೆಯಿರಲಿಲ್ಲ. ಶಬ್ದದ ಬಾಗಿಲಲ್ಲೇ ನಿಂತಿದ್ದರೆ ಮಾತ್ರ ತುಟಿಗಳು ಒಂದಕ್ಕೊಂದು ಅಂಟಿಕೊಂಡು, ಹಿಂದಿನಿಂದ ಉಸಿರು ಒತ್ತಿ, ಕುತ್ತಿಗೆಯ ನರ ಬಿಗಿದು, ಎದುರಿನವರ ಕಣ್ಣು ಮೊದಲು ಅವನ ಬಾಯಿಗೆ, ಆಮೇಲೆ ಬೇರೆಲ್ಲೋ ಹೊರಳುತ್ತಿತ್ತು. ಬ, ಪ, ಮ. ಒಮ್ಮೆ ಮಳಖೇಡಕ್ಕೆ ಹೋಗಬೇಕಾದಾಗ ಹಿಂದೆ ನಿಂತವರು ಗೊಣಗಿದ್ದಕ್ಕೆ ಹೆದರಿ ಸೇಡಂಗೆ ಟಿಕೆಟ್ ತೆಗೆದು ನಡುವೆ ಇಳಿದಿದ್ದ. ಹೆಂಡತಿಯ ಹೆಸರು ಪೂನಮ್. ಮದುವೆಯಾಗಿ ಇಷ್ಟು ವರ್ಷವಾದರೂ ಅವಳನ್ನು ‘ಏ, ಕೇಳಿಲ್ಲಿ’ ಎಂದೇ ಕರೆಯುತ್ತಿದ್ದ. ಅವಳ ತವರಿನವರು ಅದನ್ನು ಸೊಕ್ಕು ಎಂದುಕೊಂಡಿದ್ದರು. ಅವನು ತಿದ್ದಿರಲಿಲ್ಲ. ಸೊಕ್ಕಿನವನು ಅನ್ನಿಸಿಕೊಳ್ಳುವುದು ಉಗ್ಗ ಅನ್ನಿಸಿಕೊಳ್ಳುವುದಕ್ಕಿಂತ ಹಗುರವಾಗಿತ್ತು.

ಹೆಗಲಿನ ಚೀಲದಲ್ಲಿ ಎರಡು ರಟ್ಟುಗಳ ನಡುವೆ ಕಟ್ಟಿಟ್ಟ ಹಾಳೆಗಳಿದ್ದವು. ಶರಣಬಸಪ್ಪ ಸರ್ ಬಗ್ಗೆ ಅವನು ತೆಗೆದ ಕಾಮಿಕ್ಸ್. ಚಿತ್ತಾಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ ಶಹಾಬಾದದಲ್ಲಿ ಮನೆ ಮಾಡಿಕೊಂಡಿದ್ದ ಅವರಿಗೆ ಬರುವ ವಾರ ಹಳೆಯ ವಿದ್ಯಾರ್ಥಿಗಳು ಸನ್ಮಾನ ಇಟ್ಟುಕೊಂಡಿದ್ದರು. ಅದಕ್ಕೆಲ್ಲ ಮುಂದಾಳು ಅವನ ಸಹಪಾಠಿ ಸುರೇಶಕುಮಾರ. ಚಿತ್ತಾಪುರದಲ್ಲಿ ಔಷಧಿ ಅಂಗಡಿ ಇಟ್ಟವನು. ‘ಶಾಲು, ಹಾರ ಎಲ್ಲಾರೂ ಹಾಕ್ತಾರ. ನೀ ಚಿತ್ರ ತೆಗಿತಿ. ಸರ್ ಮ್ಯಾಲ ಒಂದು ಕಾಮಿಕ್ಸ್ ಮಾಡು, ಛಾಪಿಸಿ ಸಾಲಿ ಹುಡುಗ್ರಿಗೆಲ್ಲಾ ಹಂಚೋಣ’ ಎಂದಿದ್ದ. ಕಪಿಲ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಸುರಕ್ಷತೆಯ ಬೋರ್ಡುಗಳಿಗೆ ಚಿತ್ರ ಬರೆಯುವವನು. ಹೆಲ್ಮೆಟ್ ಹಾಕಿಕೊಂಡವನು ಹಾಕಿಕೊಳ್ಳದವನಿಗೆ ಬುದ್ಧಿ ಹೇಳುತ್ತಾನೆ. ಅವನ ಬಾಯಿಂದ ಒಂದು ಗುಳ್ಳೆ ಹೊರಟು ಅದರೊಳಗೆ ಮಾತು ತುಂಬುತ್ತದೆ. ಆ ಚಿತ್ರಗಳಲ್ಲಿ ಯಾರೂ ಉಗ್ಗುವುದಿಲ್ಲ. ಅಕ್ಷರ ಬರೆಯುವಾಗ ಕಪಿಲನ ಕೈ ಎಂದೂ ತಡೆದದ್ದಿಲ್ಲ. ತಾನು ಮಾತಾಡುವ ಜಾಗ ಆ ಗುಳ್ಳೆ ಒಂದೇ ಎಂದು ಕೆಲವು ಸಲ ಅವನಿಗೆ ಅನ್ನಿಸುತ್ತಿತ್ತು.

ಆದರೆ ಶರಣಬಸಪ್ಪ ಸರ್ ಉಗ್ಗುತ್ತಿದ್ದರು. ಕಾಮಿಕ್ಸಿನ ಮೊದಲ ಸಮಸ್ಯೆಯೇ ಅದಾಗಿತ್ತು. ಮೂಗು, ಕನ್ನಡಕ, ಒಂದು ಭುಜ ತುಸು ಮೇಲಿರುವ ನಿಲುವು, ಎಲ್ಲ ತಾವಾಗಿ ಬಂದವು. ಮಾತು ಬರೆಯಲು ಹೋದಾಗ ಕೈ ನಿಂತಿತು. ಸರ್ ಮಾತಾಡಿದಂತೆಯೇ ಬರೆದ: ಒಂದು ಅಕ್ಷರ ಒಡೆದು, ಮತ್ತೆ ಅದೇ ಅಕ್ಷರ, ಚುಕ್ಕಿಗಳು, ಗುಳ್ಳೆ ಖಾಲಿಯಾಗಿ ಉಬ್ಬುತ್ತ ಪಕ್ಕದ ಚೌಕದವರೆಗೆ ಹೋಗಿ, ಕೊನೆಗೆ ಶಬ್ದ. ಬರೆದು ಮುಗಿಸಿದಾಗ ಆದಷ್ಟು ಖುಷಿ ಅವನಿಗೆ ಯಾವ ಕೆಲಸದಲ್ಲೂ ಆಗಿರಲಿಲ್ಲ. ಸುರೇಶ ಬಂದು ನೋಡಿದ. ಮೊದಲ ಪುಟದಲ್ಲಿ ಸರ್ ಮುಖ ಗುರುತಿಸಿ ನಕ್ಕ, ಎರಡನೆಯ ಪುಟದ ಮಾತಿಗೆ ಹುಬ್ಬು ಗಂಟಿಕ್ಕಿದ. ‘ಏ, ಇದೇನೋ ಇದು? ಸರ್‌ದು ಇಜ್ಜತ್ ತಗಿಲಿಕತ್ತಿಯೇನು? ಸಾಲಿ ಹುಡುಗ್ರು ಬಿದ್ದು ಬಿದ್ದು ನಗ್ತಾರ. ತೊದಲೋದೆಲ್ಲಾ ತಗಿ. ಬಿಲ್ಕುಲ್ ತಗಿ.’ ಕಪಿಲ ಏನೋ ಹೇಳಬೇಕೆಂದುಕೊಂಡ. ಹೇಳಬೇಕಾದ ಮಾತು ‘ಬ’ದಿಂದ ಶುರುವಾಗುತ್ತಿತ್ತು. ತಲೆಯಾಡಿಸಿದ. ಮುಂದಿನ ವಾರವೆಲ್ಲ ಕುಳಿತು ಗುಳ್ಳೆಗಳ ಮೇಲೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ನೆಟ್ಟಗಿನ ಅಕ್ಷರದಲ್ಲಿ ನೆಟ್ಟಗಿನ ಮಾತು ಬರೆದ. ಬರೆಯುತ್ತಿದ್ದಂತೆ ಸರ್ ಮುಖ ಕಾರ್ಖಾನೆಯ ಬೋರ್ಡಿನ ಮೇಲೆ ಬುದ್ಧಿ ಹೇಳುವವನ ಮುಖವಾಗತೊಡಗಿತು. ಛಾಪಿಸುವ ಮೊದಲು ಒಮ್ಮೆ ಸರ್‌ಗೆ ತೋರಿಸಬೇಕು ಎಂದು ಸುರೇಶನೇ ಹೇಳಿದ್ದ. ಹಾಗಾಗಿ ಈ ಭಾನುವಾರ, ಈ ರೈಲು.

ಗಾಡಿ ಹೊರಟಿತು. ಕಿಟಕಿಯಾಚೆ ಗಣಿಯ ಹೊಂಡಗಳು, ಅಂಚಿನಲ್ಲಿ ಒಂದರ ಮೇಲೊಂದು ಜೋಡಿಸಿದ ಫರ್ಸಿ ಕಲ್ಲು, ಬೂದು ಹಿಡಿದ ಬೇವಿನೆಲೆ. ತಾನು ಮಾಡಿದ್ದು ಗೌರವವೋ ಅಣಕವೋ ಎಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಅವರನ್ನು ಇಡೀ ಸಾಲೆ ‘ಉಗ್ಗ ಮಾಸ್ತರ’ ಎನ್ನುತ್ತಿತ್ತು. ಕಪಿಲ ಮಾತ್ರ ಅಂದಿರಲಿಲ್ಲ, ಅದೇನು ದೊಡ್ಡ ಗುಣದಿಂದಲ್ಲ, ಅಂದರೆ ತನ್ನನ್ನೇ ಕರೆದುಕೊಂಡಂತಾಗುತ್ತಿತ್ತು. ತನ್ನ ಹಳ್ಳಿ ಗುಂಡಗುರ್ತಿಯಿಂದ ಹೈಸ್ಕೂಲಿಗೆ ಹೆಸರು ಹಚ್ಚಲು ಬಂದ ದಿನ ಗುಮಾಸ್ತ ಕೇಳಿದ್ದ: ‘ತಂದಿ ಹೆಸರು?’ ಅಪ್ಪನ ಹೆಸರು ಭೀಮಶ್ಯಾ. ಭ. ತುಟಿ ಅಂಟಿತು. ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ಇನ್ನೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ‘ಯಾಕೋ, ತಂದಿ ಹೆಸರ್ ಗೊತ್ತಿಲ್ಲೇನು?’ ಎಂದ ಗುಮಾಸ್ತ, ಪಕ್ಕದವನ ಕಡೆ ನೋಡಿ ನಕ್ಕ. ಆ ನಗುವಿನ ಪೂರ್ತಿ ಅರ್ಥ ಆಗ ತಿಳಿಯಲಿಲ್ಲ. ತಿಳಿದಾಗ ಗುಮಾಸ್ತನಿಗಿಂತ ಹೆಚ್ಚು ತನ್ನ ತುಟಿಯ ಮೇಲೆ ಸಿಟ್ಟು ಬಂತು, ಅಪ್ಪನಿಗೆ ತನ್ನ ತುಟಿಯೇ ಬೈದಂತೆ. ಬುದ್ಧ ಬೆಳೆದ ಕಪಿಲವಸ್ತುವಿನ ನೆನಪಿಗೆಂದು ಆಸೆಯಿಂದ ಮಗನಿಗೆ ಹೆಸರಿಟ್ಟ ಅಪ್ಪ.

ಒಂಬತ್ತನೆಯ ತರಗತಿಗೆ ಬಂದ ಮೇಲೆ ಸರ್ ಹಾಜರಿ ಕೂಗಿದ ಮೊದಲ ದಿನ. ‘ಪ್ರೆಸೆಂಟ್ ಸರ್’ ಅನ್ನಬೇಕು. ಪ. ತನ್ನ ಸರದಿ ಹತ್ತಿರ ಬರುತ್ತಿತ್ತು. ಹಿಂದಿನ ಹುಡುಗನ ಹೆಸರಾಯಿತು. ಸರ್ ಕೂಗಲಿಲ್ಲ. ತಲೆಯೆತ್ತಿ ಕನ್ನಡಕದ ಮೇಲಿಂದ ಅವನನ್ನು ನೋಡಿದರು, ಸುಮ್ಮನೆ. ಅವನು ಕೈ ಎತ್ತಿದ. ಅವರು ಗುರುತು ಹಾಕಿ ಮುಂದಿನ ಹೆಸರಿಗೆ ಹೋದರು. ಮರುದಿನವೂ ಹಾಗೇ. ಎರಡು ವರ್ಷ ಹಾಗೇ. ಯಾರಿಗೂ ಗೊತ್ತಾಗದಂತೆ, ಒಂದು ಮಾತೂ ಆಡದೆ, ಒಬ್ಬ ದೊಡ್ಡ ಮನುಷ್ಯ ತನ್ನ ಸಲುವಾಗಿ ದಿನಾ ಬೆಳಿಗ್ಗೆ ಸ್ವಲ್ಪ ಬಾಗುತ್ತಾನೆ ಎಂಬುದು ಕಪಿಲನಿಗೆ ಎಷ್ಟು ಬೆಚ್ಚಗಿತ್ತೋ ಅಷ್ಟೇ ಭಾರವಾಗಿತ್ತು. ಆಮೇಲೆ ಏನು ಮಾಡಿದರೂ, ಡ್ರಾಯಿಂಗ್ ಡಿಪ್ಲೊಮಾ ಮುಗಿಸಿದಾಗ, ಕೆಲಸ ಸಿಕ್ಕಾಗ, ಆ ನೋಟಕ್ಕೆ ತಾನು ಇನ್ನೂ ತಕ್ಕವನಾಗಿಲ್ಲ ಅನ್ನಿಸುತ್ತಿತ್ತು. ಪಾಠ ಮಾಡುವಾಗ ಸರ್ ಶಬ್ದಕ್ಕೆ ಸಿಕ್ಕಿಕೊಂಡರೆ ಸೀಮೆಸುಣ್ಣ ಹಿಡಿದು ನಿಂತೇಬಿಡುತ್ತಿದ್ದರು. ಕಣ್ಣು ಕೆಳಗಿಳಿಸುತ್ತಿರಲಿಲ್ಲ. ಬೇರೆ ಶಬ್ದ ಹುಡುಕುತ್ತಿರಲಿಲ್ಲ. ಮೊದಲು ಹಿಂದಿನ ಬೆಂಚು ನಗುತ್ತಿತ್ತು, ಆಮೇಲೆ ನಗು ತೀರಿ ಕೋಣೆ ನಿಶ್ಶಬ್ದವಾಗುತ್ತಿತ್ತು, ಆ ನಿಶ್ಶಬ್ದದೊಳಗೆ ಶಬ್ದ ಬರುತ್ತಿತ್ತು. ಬೌದ್ಧ ಸ್ತೂಪ ತೋರಿಸಲು ಸನ್ನತಿಗೆ ಕರೆದುಕೊಂಡು ಹೋದಾಗ ಭೀಮಾ ದಂಡೆಯ ಬಿಸಿಲಲ್ಲಿ ಸುಣ್ಣಕಲ್ಲಿನ ಹಲಗೆಗಳ ಮುಂದೆ ನಿಲ್ಲಿಸಿ, ಸಾಲಾಗಿ ಕೆತ್ತಿದ ಚೌಕಗಳ ಕಡೆ ಕೈ ತೋರಿಸಿ ಅವನೊಬ್ಬನಿಗೇ ಎಂಬಂತೆ ಹೇಳಿದ್ದರು: ‘ನೋಡು, ಇಲ್ಲಿ ಯಾರೂ ಮಾತಾಡಂಗಿಲ್ಲ. ಖರೇ, ಎಲ್ಲಾ ತಿಳಿತದ.’ ಅವತ್ತು ಸಂಜೆಯೇ ಅವನು ಹಾಳೆಯ ಮೇಲೆ ಚೌಕ ಹಾಕಲು ಶುರುಮಾಡಿದ್ದ.

ಶಹಾಬಾದದಲ್ಲಿ ಇಳಿದು ನಡೆದು ಹೋದ. ಬಾಗಿಲು ತೆರೆದಿತ್ತು. ಫರ್ಸಿ ಹಾಸಿದ ಪಡಸಾಲೆಯಲ್ಲಿ ಸರ್ ಕುರ್ಚಿಯ ಮೇಲೆ ಪೇಪರು ಓದುತ್ತಿದ್ದರು. ಮುದುಕರಾಗಿದ್ದರು. ಮೇಲಿದ್ದ ಭುಜವೂ ಇಳಿದು ಎರಡೂ ಒಂದೇ ಸಮಕ್ಕೆ ಬಂದಿದ್ದವು. ಇದನ್ನು ತಾನು ತಪ್ಪು ಬರೆದೆ ಎಂದು ಮೊದಲು ಹೊಳೆದದ್ದು ಕಪಿಲನಿಗೆ ನಾಚಿಕೆ ತಂದಿತು. ನಮಸ್ಕಾರ ಮಾಡಿದ. ಸರ್ ಬಾಯಿ ತೆರೆದರು. ಗಂಟಲ ಗೋಲಿ ಮೇಲೆ ಹೋಗಿ ಅಲ್ಲೇ ನಿಂತಿತು.

‘ಕ್... ಕ್... ಕುಂದ್ರು.’

ಅವರ ಹೆಂಡತಿ ಗುರುದೇವಿ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದರು. ‘ಚಿತ್ತಾಪುರದವರೇನು? ಸುರೇಶ ಫೋನ್ ಮಾಡಿದ್ದ. ಅದೇನೋ ಚಿತ್ರದ ಪುಸ್ತಕ ತಂದೀ ಅಂತಲ್ಲಪಾ, ತೋರಿಸು, ತೋರಿಸು.’

ಕಪಿಲ ರಟ್ಟು ಬಿಚ್ಚಿ ಹಾಳೆಗಳನ್ನು ಸರ್ ಕೈಗೆ ಕೊಟ್ಟ. ಗುರುದೇವಿ ಕುರ್ಚಿಯ ಹಿಂದೆ ನಿಂತು ಅವರ ಭುಜದ ಮೇಲಿಂದ ನೋಡತೊಡಗಿದರು. ಒಂದೊಂದೇ ಹಾಳೆ ತಿರುವುವ ಸದ್ದು. ಅವನು ಸರ್ ಮುಖ ನೋಡಲಾರದೆ ನೆಲದ ಕಲ್ಲಿನ ಸಂದುಗಳನ್ನು ನೋಡುತ್ತ ಕುಳಿತ. ಯಾರೂ ನಗಲಿಲ್ಲ. ಸರ್ ಕೊನೆಗೆ, ‘ಛಲೋ ತೆಗ್ದಿ’ ಎಂದರು. ಆ ಮಾತು ಪರೀಕ್ಷೆಯಲ್ಲಿ ಸುಮಾರು ಬರೆದವನ ಹಾಳೆಯ ಮೇಲೆ ಬರೆಯುವ ಮಾತಿನಂತಿತ್ತು.

‘ನಾ ಒಂದ್ ಮಾತು ಹೇಳ್ಲೇನು?’ ಎಂದರು ಗುರುದೇವಿ. ‘ಮಾರಿ ಇವರ್ದೇ ಅದ. ಮೂಗಂತೂ ಇವರ್ದೇ. ಮಾತು ಯಾರ್ದಪಾ? ರೇಡಿಯೋದಾಗಿನವ್ರ ಗತೆ ಹೇಳ್ಕೋತ ಹೊಂಟಾನ, ಹೊಂಟಾನ. ಇಂಥವನ ಕೂಡ ನನ್ನ ಬಾಳ್ವಿ ಆಗ್ತಿದ್ದಿಲ್ಲ ನೋಡು. ಜಗಳದಾಗ ನಂಗ ಮಾತಾಡ್ಲಿಕ್ಕೆ ಜಾಗಾನೇ ಸಿಗ್ತಿದ್ದಿಲ್ಲ.’

ಸರ್ ಒಂದು ಹಾಳೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಅಂಟಿಸಿದ ಕಾಗದದ ಅಂಚು ಬೆರಳಿಗೆ ಸಿಕ್ಕಿರಬೇಕು. ಎದ್ದು ಬಾಗಿಲ ಬಳಿ ಹೋಗಿ ಹಾಳೆಯನ್ನು ಬಿಸಿಲಿಗೆ ಹಿಡಿದರು. ‘ಪೇಪರ್ ತಿದ್ದೂವಾಗಿಂದು ಚಟ. ಹುಡುಗ್ರು ಬರ್ದಿದ್ದಕ್ಕಿಂತ ಅಳಿಸಿದ್ದು ನೋಡ್ತಿದ್ದೆ’ ಎಂದರು. ಬೆಳಕು ಕಾಗದದ ಎರಡು ಪದರ ತೂರಿ ಬಂತು. ಕುಳಿತಲ್ಲಿಂದಲೇ ಕಪಿಲನಿಗೆ ಕಂಡಿತು: ನೆಟ್ಟಗಿನ ಅಕ್ಷರಗಳ ಹಿಂದೆ ಒಡೆದ ಅಕ್ಷರಗಳು ಒಂದೊಂದಾಗಿ ಕಪ್ಪಗೆ ಮೂಡುತ್ತಿದ್ದವು. ಸರ್ ಇನ್ನೊಂದು ಹಾಳೆ ತೆಗೆದುಕೊಂಡರು, ಮತ್ತೊಂದು. ಬೆನ್ನು ಈ ಕಡೆ ಇತ್ತು. ಆ ಬೆನ್ನು ತಿರುಗುವುದರೊಳಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಬಾಗಿಲಲ್ಲಿ ಸರ್ ನಿಂತಿದ್ದರು, ಹೋಗಲು ಬೇರೆ ದಾರಿಯಿರಲಿಲ್ಲ. ಒಬ್ಬ ಮುದುಕರ ಮನೆಗೆ ಬಂದು, ಅವರ ಮುಂದೆ ಅವರದೇ ಅಣಕ ಮಾಡಿ, ಅದರ ಮೇಲೆ ಬಿಳಿ ಕಾಗದ ಮುಚ್ಚಿ ಸನ್ಮಾನ ಎಂದು ಕೊಟ್ಟಂತಾಯಿತಲ್ಲ.

‘ತಪ್ಪಾಗ್ಯಾದ್ರಿ, ಸರ್.’

‘ಹೌದು, ತಪ್ಪು ಅದ’ ಎಂದರು ಸರ್, ತಿರುಗದೆ. ಆಮೇಲೆ ತಿರುಗಿದರು. ಕನ್ನಡಕದ ಮೇಲಿಂದ ನೋಡುತ್ತ, ‘ಇಲ್ಲಿ ಬಸವಣ್ಣ ಅನ್ನೂ ಜಾಗಾದಾಗ ಬ ಅನ್ನೂ ಅಕ್ಷರ ಮೂರ್ ಸಲ ಒಡದೀ. ಬಸವಣ್ಣ ಅನ್ನುವಾಗ ನಂಗ ಎಂದಾದ್ರೂ ತಡದದ್ದು ನೋಡೀಯೇನು?’

ಕಪಿಲ ನೆನಪಿಸಿಕೊಳ್ಳಲು ನೋಡಿದ. ಕಪ್ಪು ಹಲಗೆ, ಸೀಮೆಸುಣ್ಣ, ನಿಶ್ಶಬ್ದ. ಯಾವ ಅಕ್ಷರ?

‘ಬಸವಣ್ಣ ತಾನೇ ಬರ್ತಿದ್ದ. ಕ್... ಕ್... ಕಲ್ಯಾಣ ಬರ್ತಿದ್ದಿಲ್ಲ’ ಎಂದರು ಸರ್. ಹಾಳೆ ಹಿಡಿದುಕೊಂಡೇ ಹತ್ತಿರ ಬಂದರು. ಪೇಪರ್ ತಿದ್ದುವವರ ಉತ್ಸಾಹ ಮುಖದ ಮೇಲಿತ್ತು. ‘ಇಲ್ಲಿ ಪುಸ್ತಕ, ಅದೂ ಒಡದೀ. ಇಲ್ಲಿ ಮೌರ್ಯರು. ಇವ್ಯಾವೂ ನನ್ನವಲ್ಲ. ನನ್ನವೆಲ್ಲಾ ಇಲ್ಲಿ, ಗ್... ಗ್... ಗಂಟಲದಾಗ ಸಿಗ್ತಾವ. ಚಿತ್ರದಾಗ ನೋಡಿದ್ರ ತುಟಿ ಗಟ್ಟಿ ಮುಚ್ಚೀನಿ. ನಂಗ ತಡದಾಗ ಬಾಯಿ ತೆರದೇ ಇರ್ತದ. ತುಟಿ ಮ್ಯಾಲ ಸಿಗೂದು ಯಾರ್ದು?’

ಕಪಿಲನಿಗೆ ಕನ್ನಡಿ ನೆನಪಾಯಿತು. ಬಾಯಿಯ ಚಿತ್ರ ಸರಿ ಬರದೇ ಇದ್ದಾಗ ಕನ್ನಡಿಯ ಮುಂದೆ ಕುಳಿತು, ತುಟಿ ಬಿಗಿದು, ನೋಡಿ ನೋಡಿ ಬರೆದಿದ್ದ. ಪ್ರತಿ ಪುಟದಲ್ಲೂ.

‘ನಂದ್ರಿ’ ಎಂದ.

‘ನಿಂದು ಒಯ್ದು ನನ್ನ ಬಾಯಾಗ ಹಾಕೀ’ ಎಂದರು ಸರ್. ಗುರುದೇವಿ ಮೊದಲು ನಕ್ಕರು. ಆಮೇಲೆ ಸರ್ ನಕ್ಕರು, ಸದ್ದಿಲ್ಲದೆ, ಇಳಿದ ಭುಜಗಳು ಕುಣಿಯುವಂತೆ. ಕಪಿಲನ ಕಿವಿ ಬಿಸಿಯಾಯಿತು. ಇಷ್ಟು ದಿನ ಕುಳಿತು ತಾನು ತೆಗೆದದ್ದು ತನ್ನ ಬಾಯಿ, ಅದಕ್ಕೆ ಸರ್ ಕನ್ನಡಕ ಹಾಕಿಸಿದ್ದೆ ಎಂದು ತಿಳಿದಾಗ ಆಗಬೇಕಾದ ನಾಚಿಕೆ ಆಗುತ್ತಲೇ ಇತ್ತು. ಆದರೆ ಅದರ ಕೆಳಗೆ, ಅಂಟಿಸಿದ ಕಾಗದದ ಕೆಳಗಿನ ಅಕ್ಷರದಂತೆ, ಬೇರೇನೋ ಮೂಡುತ್ತಿತ್ತು. ಅವರಿಗೆ ಅವಮಾನವಾಗಿಲ್ಲ. ಸರ್‌ಗೆ ಬೇಕಾಗಿದ್ದದ್ದು ತಮ್ಮ ಉಗ್ಗು ಸರಿಯಾಗಿ ಬರಬೇಕು ಎಂಬುದಷ್ಟೇ.

ಅವರು ಈಗ ಮೊದಲ ಪುಟಕ್ಕೆ ಹೋಗಿದ್ದರು. ಅಲ್ಲಿ ಗುಳ್ಳೆಗಳಿರಲಿಲ್ಲ. ಮಾಸ್ತರರು ತಲೆಯೆತ್ತಿ ನೋಡುತ್ತಾರೆ, ಮುಂದಿನ ಚೌಕದಲ್ಲಿ ಹುಡುಗನೊಬ್ಬ ಕೈ ಎತ್ತುತ್ತಾನೆ. ಕೆಳಗಿನ ಸಾಲನ್ನು ಗುರುದೇವಿ ಗಟ್ಟಿಯಾಗಿ ಓದಿದರು: ‘ಹುಡುಗನಿಗೆ ಉತ್ತರಿಸಲು ಕಷ್ಟವಾಗುತ್ತದೆಂದು ಸರ್ ಅವನ ಹೆಸರನ್ನೇ ಕೂಗುತ್ತಿರಲಿಲ್ಲ.’ ಸರ್ ಕುರ್ಚಿಗೆ ಬಂದು ಕುಳಿತು ಹಾಳೆ ಮಡಿಲಲ್ಲಿಟ್ಟುಕೊಂಡರು.

‘ನೀ ಹಂಗ ತಿಳ್ದಿದ್ದಿಯೇನು?’

‘ಹೌದ್ರಿ.’

‘ಅಲ್ಲೋ ತಮ್ಮಾ.’ ಅವರು ಒಂದು ಕ್ಷಣ ಹೆಂಡತಿಯ ಮುಖ ನೋಡಿದರು. ‘ನಿನ್ನ ಹೆಸರು ಕ. ಊರ ಹೆಸರಿಲೆ ಕರಿಬೇಕಂದ್ರ ನಿನ್ನ ಊರು ಗ್... ಗ್... ಗುಂಡಗುರ್ತಿ. ನಿನ್ನ ಹೆಸರು ಹತ್ತಿರ ಬಂತಂದ್ರ ನನ್ನ ಎದಿ ಢವಢವ ಅಂತಿತ್ತು. ದಿನಾ ಬೆಳಿಗ್ಗೆ, ನಲವತ್ತು ಹುಡುಗ್ರ ಮುಂದ. ಮೊದಲ್ನೇ ದಿನ ಸುಮ್ಮ ನೋಡ್ದೆ, ನೀ ಕೈ ಎತ್ತಿದಿ. ಯಪ್ಪಾ, ಉಳಕೊಂಡೆ ಅನ್ನಿಸ್ತು. ನಿನ್ನ ಸಲುವಾಗಿ ಮಾಡಿದ್ದಲ್ಲ ಅದು, ನನ್ನ ಸಲುವಾಗಿ. ಈ ಹುಡುಗ ಭಾಳ ಶ್ಯಾಣ್ಯಾ ಇದ್ದಾನ, ನನ್ನ ತ್ರಾಸ ತಿಳ್ಕೊಂಡು ಕೈ ಎತ್ತತಾನ ಅಂತ ನಾ ತಿಳ್ದಿದ್ದೆ.’

ಸರ್ ಮಡಿಲಲ್ಲಿದ್ದ ಹಾಳೆಯನ್ನು ಕಪಿಲ ಮತ್ತೊಮ್ಮೆ ನೋಡಿದ. ಇಷ್ಟು ವರ್ಷ ಹೊತ್ತದ್ದು ಏನು ಹಾಗಾದರೆ? ಮೇಜಿನ ಈಚೆ ಒಬ್ಬ ಹೆದರಿ ಕುಳಿತಿದ್ದ, ಆಚೆ ಒಬ್ಬ ಹೆದರಿ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ದೊಡ್ಡವರೆಂದುಕೊಂಡು ಎರಡು ವರ್ಷ ಬೆಳಿಗ್ಗೆ ದಾಟಿದ್ದರು. ಆ ನೋಟಕ್ಕೆ ತಾನು ತಕ್ಕವನಾಗಬೇಕಾಗಿರಲಿಲ್ಲ, ಅದು ಏನನ್ನೂ ಬೇಡಿರಲಿಲ್ಲ. ಕೈ ಎತ್ತಿದಾಗಲೇ ಕೆಲಸ ಮುಗಿದಿತ್ತು. ಅವನಿಗೆ ಅಳು ಬರುತ್ತದೆ ಅನ್ನಿಸಿತು, ಬಂದದ್ದು ನಗು. ತಡೆಯದೆ, ಒಂದೇ ಉಸಿರಿಗೆ ಬಂತು.

‘ಆದ್ರ ಕ್ಲಾಸಿನ್ಯಾಗ ನಿಂತು ಕಾಯ್ತಿದ್ರಲ್ರಿ. ಶಬ್ದ ದಾಟಿ ಹೋಗ್ತಿದ್ದಿಲ್ಲ.’

‘ಕ್... ಕಲ್ಯಾಣಕ್ಕ ಬ್ಯಾರೆ ಹೆಸರು ಎಲ್ಲಿಂದ ತರ್ಲೋ? ಇತಿಹಾಸ ಅದು.’ ಕನ್ನಡಕ ಒರೆಸಿಕೊಳ್ಳುತ್ತ, ‘ಓಡಿ ಹೋಗ್ಬೇಕಂತ ಭಾಳ ಸಲ ಅನ್ನಿಸ್ತಿತ್ತು. ಹೋಗ್ಲಿಲ್ಲ, ಅಷ್ಟೇ’ ಎಂದರು.

ಕಪಿಲನಿಗೆ ಅಷ್ಟು ಸಾಕಿತ್ತು. ಓಡದೆ ನಿಂತದ್ದನ್ನು ಯಾರೂ ಸಣ್ಣದು ಮಾಡುವಂತಿರಲಿಲ್ಲ.

‘ಹುಡುಗ್ರು ನಗ್ತಾರ ಅಂತಾನ್ರಿ, ಸುರೇಶ.’

‘ನಗ್ಲಿ. ನಕ್ಕು ಮುಗಿಸಿ ಆಮ್ಯಾಲ ಓದ್ತಾರ. ನೀವೆಲ್ಲಾ ಹಂಗೇ ಮಾಡಿದ್ರಿ. ಉಗ್ಗ ಮಾಸ್ತರ ಅಂತಿದ್ರಿ, ನಂಗ ಗೊತ್ತಿರ್ಲಿಲ್ಲೇನು? ಹಚ್ಚು ಅವನಿಗೆ ಫೋನ್.’

ಕಪಿಲ ಹಚ್ಚಿಕೊಟ್ಟ. ಆ ಕಡೆಯಿಂದ ಸುರೇಶನ ದೊಡ್ಡ ದನಿ ಪಡಸಾಲೆಗೆಲ್ಲ ಕೇಳಿಸಿತು. ‘ನಮಸ್ಕಾರ್ರಿ ಸರ್, ನೋಡಿದ್ರೇನ್ರಿ? ಎಲ್ಲಾ ಬರೋಬ್ಬರಿ ಮಾಡಿಸೀನಿ...’ ಸರ್ ಬಾಯಿ ತೆರೆದರು. ಗಂಟಲು ಹಿಡಿಯಿತು. ಫೋನಿನಲ್ಲಿ ಬರೀ ಗಾಳಿ. ‘ಹಲೋ? ಹಲೋ ಸರ್? ನೆಟ್‌ವರ್ಕ್ ಹೋಗ್ಯಾದೇನು...’ ಎನ್ನುತ್ತಿದ್ದ ಸುರೇಶ ತಟ್ಟನೆ ನಿಂತ. ತಿಳಿದಿತ್ತು ಅವನಿಗೆ. ಔಷಧಿ ಅಂಗಡಿಯ ಗದ್ದಲದ ನಡುವೆ ಅವನೊಬ್ಬ, ಒಂಬತ್ತನೆಯ ತರಗತಿಯ ಬೆಂಚಿನ ಮೇಲಿನಂತೆ, ಸುಮ್ಮನೆ ಕಾಯುತ್ತಿರುವುದು ಇಲ್ಲಿಗೂ ಕೇಳಿಸುವಂತಿತ್ತು.

‘ಕ್... ಕ್... ಕ್...’ ಸರ್ ಕಣ್ಣು ಕೆಳಗಿಳಿಸಲಿಲ್ಲ. ಕಪಿಲನನ್ನೇ ನೋಡುತ್ತಿದ್ದರು. ‘ಕಪಿಲ ಮೊದಲು ಹೆಂಗ ಬರ್ದಿದ್ದನೋ ಹಂಗೇ ಇರ್ಲಿ. ಅಕ್ಷರ ಅಷ್ಟು ತಿದ್ದತಾನ.’

ಸರ್ ಬಾಯಿಂದ ತನ್ನ ಹೆಸರು ಪೂರ್ತಿ ಕೇಳಿದ್ದು ಅದೇ ಮೊದಲು. ಮೂರು ಅಕ್ಷರ. ಇಷ್ಟು ಕಷ್ಟಪಟ್ಟು ಯಾರೂ ಅವನನ್ನು ಕರೆದಿರಲಿಲ್ಲ. ‘ಆಯ್ತ್ರಿ ಸರ್. ಹಂಗೇ ಆಗ್ಲಿ’ ಎಂದ ಸುರೇಶನ ದನಿ ಸಣ್ಣದಾಗಿತ್ತು.

ಆಮೇಲೆ ಕಪಿಲ ನೆಲದ ಮೇಲೆ ಹಾಳೆ ಹರಡಿಕೊಂಡು ಕುಳಿತ. ಕಲ್ಲು ತಣ್ಣಗಿತ್ತು. ಅಂಟಿಸಿದ ಕಾಗದವನ್ನು ಒಂದೊಂದಾಗಿ ನೀರು ಸವರಿ ಬಿಡಿಸಿದ. ಸರ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಎಲ್ಲಿ ತಡೆಯುತ್ತದೆ, ಎಲ್ಲಿ ತಡೆಯುವುದಿಲ್ಲ, ಪುಟ ಪುಟಕ್ಕೂ ಹೇಳಿದರು. ‘ಕೋಟೆ’ ಎನ್ನುವಾಗ ಹೆಚ್ಚು, ‘ಗೋಡೆ’ ಎನ್ನುವಾಗ ಕಡಿಮೆ. ಹೇಳಿ ತೋರಿಸಲು ಹೋದಾಗ ಒಂದೆರಡು ಶಬ್ದ ಸಲೀಸಾಗಿ ಬಂದುಬಿಟ್ಟವು. ಅವರಿಗೇ ಸಿಟ್ಟು ಬಂತು, ‘ಇದು ಲೆಕ್ಕಕ್ಕಿಲ್ಲ’ ಎಂದರು. ಮುಚ್ಚಿದ್ದ ತುಟಿಗಳನ್ನು ಕಪಿಲ ಅಳಿಸಿ ತೆರೆದ ಬಾಯಿ ಬರೆದ. ಮುಖ ಮತ್ತೆ ಸರ್ ಮುಖವಾಗತೊಡಗಿತು. ಕೊನೆಯ ಪುಟದಲ್ಲಿ ತನ್ನದೇ ಬಾಯಿಯಿದ್ದ ಒಂದು ಚೌಕವನ್ನು ಹಾಗೇ ಉಳಿಸಿ ಕನ್ನಡಕ ಮಾತ್ರ ತೆಗೆದ. ಅದು ಬೆಂಚಿನ ಮೇಲೆ ಕುಳಿತ ಹುಡುಗನಾಯಿತು.

ಗುರುದೇವಿ ಊಟಕ್ಕೆ ಎಬ್ಬಿಸಿದರು. ಒಲೆಯ ಹತ್ತಿರವೇ ಮೂರು ತಾಟು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಎಷ್ಟೋ ದಿನದ ಮೇಲೆ ತನಗೆ ಹಸಿವಾಗಿದೆ ಎಂದು ಕಪಿಲನಿಗೆ ಮೊದಲ ತುತ್ತಿಗೆ ತಿಳಿಯಿತು. ತಲೆಯೆತ್ತದೆ ತಿಂದ. ತಾಟು ಬರಿದಾಯಿತು.

‘ಇನ್ನೊಂದ್ ರೊಟ್ಟಿ ಕೊಡ್ಲೇನು, ತಮ್ಮಾ?’

ಅವನು ಬಾಯಿ ತೆರೆಯಲು ಹೋದ. ತುಟಿಗಳು ಅಂಟಿಕೊಂಡವು. ‘ಹಾಕ್ರಿ’ ಎಂಬ ಸುಲಭದ ಶಬ್ದ ನಾಲಿಗೆಯ ಪಕ್ಕದಲ್ಲೇ ಸಿದ್ಧವಾಗಿ ನಿಂತಿತ್ತು, ಯಾವಾಗಲೂ ನಿಲ್ಲುವಂತೆ. ಅದನ್ನು ತೆಗೆದುಕೊಳ್ಳಲಿಲ್ಲ. ಗುರುದೇವಿಯ ಕೈ ರೊಟ್ಟಿ ಹಿಡಿದು ತಾಟಿನ ಮೇಲೆ ನಿಂತಿತ್ತು. ಸರ್ ಅಗಿಯುವುದನ್ನು ನಿಲ್ಲಿಸಿದರು. ‘ಬ್ಯಾಡ ಅಂತಾನ’ ಎಂದು ಯಾರೂ ಮುಂದಾಗಿ ಹೇಳಲಿಲ್ಲ. ಒಲೆಯ ಮೇಲೆ ಹಂಚು ಕಾಯುತ್ತಿತ್ತು.

‘ಬ್... ಬ್... ಬರ್ಲಿ’ ಎಂದ ಕಪಿಲ.

ರೊಟ್ಟಿ ತಾಟಿಗೆ ಬಿತ್ತು.